ಮನೆಯಲ್ಲೇ ಆರ್ಕೇಡ್ ಗೇಮ್ ಪೆಟ್ಟಿಗೆ: ರಟ್ಟಿನಿಂದ ಪ್ಲೈವುಡ್‌ವರೆಗೆ

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿ ನೆನಪಿರುತ್ತದೆ. ಒಂದು ರೂಪಾಯಿ ಕಾಯಿನ್ ಹಾಕಿದರೆ ‘ಮುಸ್ತಫಾ’. ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅದನ್ನು 1993ರಲ್ಲಿ ತಂದಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ನಾನು ಆಡುತ್ತಿದ್ದ ಅಂಗಡಿಯ ಪೆಟ್ಟಿಗೆ ಜಪಾನಿನಿಂದ ಬಂದದ್ದೇನೂ ಅಲ್ಲ. ಊರಿನ ಬಡಗಿಯೊಬ್ಬರು ಪ್ಲೈವುಡ್‌ನಲ್ಲಿ ಹೊಡೆದು ಕೊಟ್ಟದ್ದು, ಒಳಗೆ ಹಳೆ ಕಲರ್ ಟಿವಿ. ಅವರಿಗೆ ಆಗಿದ್ದು ನಮಗೂ ಆಗುತ್ತದೆ, ಅಲ್ವಾ?

ನಾನು ಇಲ್ಲಿ ಹೇಳುವುದು ಮೇಜಿನ ಮೇಲೆ ಇಡುವ, ಇಬ್ಬರು ಆಡುವ ಪೆಟ್ಟಿಗೆಯ ಬಗ್ಗೆ. ಆಳೆತ್ತರದ್ದು ಚೆಂದವೇ, ಆದರೆ ಬಾಡಿಗೆ ಮನೆ ಬದಲಾಯಿಸುವಾಗ ಮೆಟ್ಟಿಲು ಇಳಿಸೋದು ಯಾರು? ಇಂಥದ್ದನ್ನು ನಾನು ಎರಡು ಸಲ ಕಟ್ಟಿದ್ದೇನೆ. ಎರಡನೇ ಸಲ ಕಟ್ಟಬೇಕಾಗಿ ಬಂದದ್ದೇ ಮೊದಲ ಸಲ ಪೆಟ್ಟಿಗೆಯ ಅಂದ ನೋಡಿ ಶುರು ಮಾಡಿದ್ದರಿಂದ. ಈ ಕೆಲಸ ಕೈ ಇಡುವ ಜಾಗದಿಂದ ಶುರುವಾಗಬೇಕು. ಸ್ಟಿಕ್ (ಆಟದ ಆಳನ್ನು ಓಡಿಸುವ ಕೋಲು) ಎಲ್ಲಿ, ಬಟನ್ ಎಲ್ಲಿ, ಮಣಿಕಟ್ಟು ಎಲ್ಲಿ ಊರುತ್ತೆ ಅನ್ನುವುದು ಗೊತ್ತಾದರೆ ಉಳಿದ ಅಳತೆಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲು ಯಾವ ಆಟ ಅಂತ ತೀರ್ಮಾನಿಸಿ

ಒಂದು ಚೀಟಿಯಲ್ಲಿ ನೀವು ನಿಜವಾಗಿಯೂ ಆಡುವ ಹತ್ತು ಆಟ ಬರೆಯಿರಿ. ಸಾವಿರ ಆಟ ಹಾಕಿಟ್ಟುಕೊಂಡರೂ ಆಡುವುದು ಅಷ್ಟೇ.

ಪ್ಯಾಕ್‌ಮ್ಯಾನ್ (1980) ಮತ್ತು ಡಾಂಕಿ ಕಾಂಗ್ (1981) ನಾಲ್ಕು ದಿಕ್ಕಿನ ಸ್ಟಿಕ್‌ಗೆ ಮಾಡಿದ ಆಟಗಳು. ಎಂಟು ದಿಕ್ಕಿನ ಸ್ಟಿಕ್‌ನಲ್ಲಿ ಪ್ಯಾಕ್‌ಮ್ಯಾನ್ ಆಡಿದರೆ ತಿರುವಿನಲ್ಲಿ ಸ್ಟಿಕ್ ಮೂಲೆಗೆ ಹೋಗಿ ಅವನು ನಿಂತೇಬಿಡುತ್ತಾನೆ. ಸ್ಟ್ರೀಟ್ ಫೈಟರ್ 2ಕ್ಕೆ (1991) ಎಂಟು ದಿಕ್ಕೂ ಬೇಕು, ಒಬ್ಬೊಬ್ಬರಿಗೆ ಆರು ಬಟನ್ನೂ ಬೇಕು. ಮುಸ್ತಫಾಗೆ ಹೊಡೆಯೋಕೆ ಒಂದು, ಹಾರೋಕೆ ಒಂದು, ಎರಡು ಬಟನ್ ಸಾಕು. ಎಲ್ಲವೂ ಬೇಕು ಅಂದರೆ ಕೆಳಗಿನ ಪ್ಲೇಟ್ ತಿರುಗಿಸಿ ನಾಲ್ಕಕ್ಕೂ ಎಂಟಕ್ಕೂ ಬದಲಾಯಿಸಬಹುದಾದ ಸ್ಟಿಕ್ ತಗೊಳ್ಳಿ, ಬಟನ್ ಆರು ಇಡಿ.

ಪರದೆ

ಇದರಲ್ಲಿ ಹೆಚ್ಚಿನವರು ಎಡವುತ್ತಾರೆ. ಹಳೆ ಆಟಗಳ ಚಿತ್ರ 4:3 ಆಕಾರದ್ದು (ಅಗಲ ನಾಲ್ಕು ಪಾಲು, ಎತ್ತರ ಮೂರು), ಇಲ್ಲವೇ ಅದನ್ನೇ ನಿಲ್ಲಿಸಿದಂತೆ 3:4. ಈಗಿನ 21.5 ಇಂಚಿನ ಅಗಲ ಮಾನಿಟರ್‌ನ ಎತ್ತರ ಸುಮಾರು 268 ಮಿ.ಮೀ. ಅದರಲ್ಲಿ 4:3 ಚಿತ್ರ 357 ಮಿ.ಮೀ. ಅಗಲ ಮಾತ್ರ ಬರುತ್ತದೆ, ಎರಡೂ ಕಡೆ ಕಪ್ಪು ಪಟ್ಟಿ. ಆಫೀಸುಗಳು ಎಸೆದ 19 ಇಂಚಿನ ಚೌಕನೆಯ ಹಳೆ ಎಲ್‌ಸಿಡಿ 376 ಮಿ.ಮೀ. ಅಗಲ, 301 ಮಿ.ಮೀ. ಎತ್ತರ. ಅದರಲ್ಲಿ ಅದೇ ಚಿತ್ರ 376 ಮಿ.ಮೀ. ಅಗಲ ಬರುತ್ತದೆ. ಅಂದರೆ ಚಿಕ್ಕ ಮಾನಿಟರ್‌ನಲ್ಲೇ ದೊಡ್ಡ ಚಿತ್ರ, ದುಡ್ಡೂ ಕಡಿಮೆ.

ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದ್ದೇ ಇದೆ. ಬೇರೆ ಊರುಗಳಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಇಂಥವು ಧೂಳು ಹಿಡಿದು ಕೂತಿರುತ್ತವೆ. ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಮಾನಿಟರ್ ಆನ್ ಇರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ತಾನಾಗಿ ಚಿತ್ರ ಬಂದರೆ ಸರಿ. ಬಟನ್ ಒತ್ತಿದರೆ ಮಾತ್ರ ಬರುತ್ತೆ ಅಂದರೆ ಬೇಡ, ಆಮೇಲೆ ಆ ಬಟನ್ ಪೆಟ್ಟಿಗೆಯೊಳಗೆ ಸೇರಿಹೋಗಿರುತ್ತದೆ. ಎರಡನೆಯದು, ಹಿಂದೆ 100×100 ಅಥವಾ 75×75 ಮಿ.ಮೀ. ಅಂತರದಲ್ಲಿ ನಾಲ್ಕು ಸ್ಕ್ರೂ ತೂತು ಇದೆಯಾ ನೋಡಿ. ಮಾನಿಟರನ್ನು ಹಲಗೆಗೆ ಹಿಡಿಸುವುದು ಅದರಿಂದಲೇ. ಮೂರನೆಯದು, ಎದ್ದು ನಿಂತು ಮೇಲಿನಿಂದ, ಕೂತು ಕೆಳಗಿನಿಂದ ನೋಡಿ. ಕೆಲವು ಹಳೆ ಪ್ಯಾನೆಲ್‌ಗಳು ಕೋನ ಬದಲಾದರೆ ನೆಗೆಟಿವ್ ಫೋಟೋ ಥರ ಕಾಣುತ್ತವೆ. ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಕನ್ವರ್ಟರ್ ಹಾಕಬಹುದು.

ಹಳೆ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು ಅನ್ನುವವರಿಗೆ ಒಂದು ಮಾತು. ಅದರ ಹಿಂಭಾಗ ಬಿಚ್ಚಬೇಡಿ. ಕಲರ್ ಟ್ಯೂಬ್‌ಗೆ ಹೋಗುವ ವೋಲ್ಟೇಜ್ 20,000ಕ್ಕೂ ಮೇಲೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ.

ರಟ್ಟಿನಲ್ಲಿ ಒಂದು ಸಲ ಕಟ್ಟಿ

ಫ್ರಿಜ್ ಅಥವಾ ವಾಷಿಂಗ್ ಮಷೀನ್ ಬಂದ ರಟ್ಟಿನ ಡಬ್ಬ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಪಕ್ಕದ ಹಲಗೆಯ ಆಕಾರವನ್ನು ಅದರ ಮೇಲೆ ಬರೆದು ಕತ್ತರಿಸಿ, ಗಮ್ ಟೇಪಿನಲ್ಲಿ ಪೂರ್ತಿ ಪೆಟ್ಟಿಗೆ ನಿಲ್ಲಿಸಿ. ನಾನು ಬಳಸಿದ ಅಳತೆ ಹೀಗಿದೆ: ಎತ್ತರ 60 ಸೆಂ.ಮೀ., ಆಳ 45, ಹೊರ ಅಗಲ 60. ಸ್ಟಿಕ್, ಬಟನ್ ಕೂರುವ ಕಂಟ್ರೋಲ್ ಪ್ಯಾನೆಲ್‌ನ ಮುಂದಿನ ಅಂಚು ಪೆಟ್ಟಿಗೆಯ ತಳದಿಂದ 85 ಮಿ.ಮೀ. ಮೇಲೆ, ಅಲ್ಲಿಂದ 20 ಸೆಂ.ಮೀ. ಹಿಂದಕ್ಕೆ ಹೋಗುತ್ತಾ 110 ಮಿ.ಮೀ.ಗೆ ಏರುತ್ತದೆ. ಅದರ ಹಿಂದೆ ಪರದೆಯ ಹಲಗೆ, ಸುಮಾರು 20 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಮೇಲೆ ಸ್ಪೀಕರ್ ಪಟ್ಟಿ, ಅದರ ಮೇಲೆ ಮುಂದಕ್ಕೆ ಚಾಚಿದ ಹೆಸರಿನ ಬೋರ್ಡು.

ರಟ್ಟಿನ ಪೆಟ್ಟಿಗೆಯನ್ನು ಮೊದಲು ಊಟದ ಮೇಜಿನ ಮೇಲೆ ಇಟ್ಟು ಕೂತು ನೋಡಿ. ಆಮೇಲೆ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ನಿಂತು ನೋಡಿ. ಕಟ್ಟೆ ಸಾಮಾನ್ಯವಾಗಿ 85 ಸೆಂ.ಮೀ. ಆಸುಪಾಸು ಇರುತ್ತೆ, ಅದರ ಮೇಲೆ ಪ್ಯಾನೆಲ್‌ನ 10 ಸೆಂ.ಮೀ. ಸೇರಿದರೆ ನಿಂತು ಆಡುವವರ ಮೊಣಕೈಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಮನೆಯವರು ಬೈಯುವಷ್ಟರಲ್ಲಿ ಅಳತೆ ಬರೆದುಕೊಳ್ಳಿ.

ಮೊದಲ ಸಲ ನಾನು ರಟ್ಟು ಬಿಟ್ಟು ನೇರವಾಗಿ ಪ್ಲೈವುಡ್‌ಗೆ ಹೋದೆ. ಮುಂಭಾಗ ತೆಳ್ಳಗೆ ಕಂಡರೆ ಚೆಂದ ಅಂತ ಮುಂದಿನ ಅಂಚನ್ನು 5 ಸೆಂ.ಮೀ. ಇಟ್ಟೆ. ಅದರಲ್ಲಿ ಮೇಲಿನ ಹಲಗೆ 12 ಮಿ.ಮೀ., ತಳದ ಹಲಗೆ 12 ಮಿ.ಮೀ. ಹೋಯಿತು. ಸ್ಟಿಕ್ ಕೂರುವ ಕಡೆ ಉಳಿದದ್ದು ನಾಲ್ಕು ಸೆಂಟಿಮೀಟರೂ ಇಲ್ಲ. ಪ್ಯಾನೆಲ್ ಮುಚ್ಚಿದರೆ ಸ್ಟಿಕ್‌ನ ಬುಡ ತಳಕ್ಕೆ ತಾಗಿ ‘ಕಟ್’ ಅಂತ ನಿಂತಿತು. ಪೇಂಟ್ ಕೂಡ ಆಗಿಹೋಗಿತ್ತು. ಎರಡೂ ಪಕ್ಕದ ಹಲಗೆ ಮತ್ತೆ ಕೊಯ್ಯಬೇಕಾಯಿತು.

ಸ್ಟಿಕ್, ಬಟನ್ ಜೋಡಣೆ

ಇಬ್ಬರಿಗೂ ಸೇರಿ ಪ್ಯಾನೆಲ್‌ನ ಒಳ ಅಗಲ 576 ಮಿ.ಮೀ. ಎಡ ಅಂಚಿನಿಂದ 8 ಸೆಂ.ಮೀ.ಗೆ ಮೊದಲನೆಯವರ ಸ್ಟಿಕ್, 36 ಸೆಂ.ಮೀ.ಗೆ ಎರಡನೆಯವರದು. ಸ್ಟಿಕ್‌ನ ನಡುವಿನಿಂದ ಮೊದಲ ಬಟನ್‌ನ ನಡುವಿಗೆ 7 ಸೆಂ.ಮೀ. ಒಂದು ಬಟನ್‌ನಿಂದ ಪಕ್ಕದ ಬಟನ್‌ಗೆ 36 ಮಿ.ಮೀ., ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 39 ಮಿ.ಮೀ. ಬಟನ್‌ಗಳನ್ನು ಸ್ಕೇಲ್ ಇಟ್ಟಂತೆ ನೇರ ಸಾಲಿನಲ್ಲಿ ಇಡಬೇಡಿ. ನಿಮ್ಮ ಬಲಗೈಯನ್ನು ಮೇಜಿನ ಮೇಲೆ ಸುಮ್ನೆ ಊರಿ ನೋಡಿ, ತೋರುಬೆರಳು ನಡುಬೆರಳಿಗಿಂತ ಹಿಂದೆ ಇರುತ್ತದೆ. ಮೊದಲ ಬಟನ್ ಒಂದೂವರೆ ಸೆಂ.ಮೀ. ಕೆಳಗೆ ಬರಲಿ. ಪ್ಯಾನೆಲ್‌ನ ಮುಂದಿನ ಅಂಚಿಗೂ ಸ್ಟಿಕ್‌ಗೂ ಸುಮಾರು 10 ಸೆಂ.ಮೀ. ಇರಬೇಕು, ಇಲ್ಲದಿದ್ದರೆ ಮಣಿಕಟ್ಟು ಗಾಳಿಯಲ್ಲಿ ತೂಗುತ್ತೆ, ಅರ್ಧ ಗಂಟೆಗೆ ನೋವು ಶುರು.

ಸ್ಟಾರ್ಟ್ ಮತ್ತು ಕಾಯಿನ್ ಬಟನ್‌ಗಳನ್ನು ಪ್ಯಾನೆಲ್ ಮೇಲೆ ಇಡದೆ ಮುಂದಿನ ಪಟ್ಟಿಯಲ್ಲಿ ಇಡಿ. ಆಟದಿಂದ ಹೊರಗೆ ಬರುವ ಬಟನ್ ಅಂತೂ ಪಕ್ಕದಲ್ಲಿ ಮರೆಯಾಗಿ ಇರಲಿ. ಸೋಲುತ್ತಿರುವ ತಮ್ಮಂದಿರಿಗೆ ಅದು ಕಣ್ಣಿಗೆ ಬೀಳಬಾರದು.

ಜೋಡಣೆಯನ್ನು ಕಂಪ್ಯೂಟರ್‌ನಲ್ಲಿ ಬರೆದು ಕಾಗದಕ್ಕೆ ಪ್ರಿಂಟ್ ಮಾಡುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದು, ನೂರಕ್ಕೆ ನೂರು ಅಳತೆಯಲ್ಲಿ ತೆಗೆಯಿರಿ. ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಆ ಕಾಗದವನ್ನು ರಟ್ಟಿನ ಪ್ಯಾನೆಲ್‌ಗೆ ಅಂಟಿಸಿ, ತೂತು ಕೊರೆದು, ನಿಜವಾದ ಸ್ಟಿಕ್ ಬಟನ್ ಹಾಕಿ ಒಂದು ಸಂಜೆ ಆಡಿ. ವಯರಿಂಗ್ ಕೂಡ ಇದರಲ್ಲೇ ಕಲಿತಂತಾಯಿತು.

ಬಟನ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ಗಳ 30 ಮಿ.ಮೀ. ಬಟನ್‌ಗಳು ಹೆಚ್ಚಾಗಿ ಒತ್ತಿದರೆ ಕಚ್ಚಿಕೊಳ್ಳುವ ಬಗೆಯವು. ಅವು ತೆಳು ತಗಡಿಗೆ ಮಾಡಿದವು, 12 ಮಿ.ಮೀ. ಪ್ಲೈವುಡ್‌ನಲ್ಲಿ ಕಚ್ಚುವುದಿಲ್ಲ. ಮರಕ್ಕೆ ಉದ್ದ ತ್ರೆಡ್ ಇದ್ದು ಕೆಳಗಿನಿಂದ ನಟ್ ಬಿಗಿಯುವ ಅಮೆರಿಕನ್ ಮಾದರಿಯ ಬಟನ್ ಬೇಕು. ಅದಕ್ಕೆ ತೂತು 28 ಮಿ.ಮೀ.ಗಿಂತ ಕೊಂಚ ಜಾಸ್ತಿ. ಹಾಗಾಗಿ ಬಟನ್ ಕೈಗೆ ಬರುವವರೆಗೆ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಕೊಳ್ಳಬೇಡಿ. ಸ್ಟಿಕ್ ಕೂಡ ದಪ್ಪ ಹಲಗೆಯ ಕೆಳಗೆ ಹಾಕಿದರೆ ಗಿಡ್ಡ ಆಗಿಬಿಡುತ್ತೆ. ಗುಂಡಿನ ಕೆಳಗೆ 23–24 ಮಿ.ಮೀ. ಕೋಲು ಕಾಣಬೇಕು. ಅಷ್ಟು ಸಿಗದಿದ್ದರೆ ಹಲಗೆಯನ್ನು ಕೆಳಗಿನಿಂದ ಉಳಿಯಲ್ಲಿ ಕೆತ್ತಿ ಸ್ಟಿಕ್‌ನ ಪ್ಲೇಟನ್ನು ಒಳಕ್ಕೆ ಕೂರಿಸಿ.

ಮರದ ಕೆಲಸ

ಎಂಟಡಿ ನಾಲ್ಕಡಿಯ 12 ಮಿ.ಮೀ. ಪ್ಲೈವುಡ್ ಹಾಳೆ ಒಂದು ತಗೊಳ್ಳಿ. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಮಿಕ್ಕಿದ್ದು ತಪ್ಪು ಮಾಡುವುದಕ್ಕೆ. ಬಯಲುಸೀಮೆಯ ಮನೆಯೊಳಗೆ ಇಡುವುದಾದರೆ ತೇವ ತಡೆಯುವ ಎಂಆರ್ ಗ್ರೇಡ್ ನಡೆಯುತ್ತೆ. ಮಲೆನಾಡು, ಕರಾವಳಿಯವರು ನೀರನ್ನೂ ತಡೆಯುವ ಬಿಡಬ್ಲ್ಯುಆರ್ ಗ್ರೇಡ್ ತಗೊಳ್ಳುವುದು ಒಳ್ಳೆಯದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪಾಗಿ ಕೊಯ್ಯಲು ಬರುತ್ತೆ, ಆದರೆ ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ. ಕೊಯ್ಯುವಾಗ ಏಳುವ ಧೂಳು ಶ್ವಾಸಕ್ಕೂ ಕೆಟ್ಟದ್ದು. ಯಾವುದೇ ಹಲಗೆ ಕೊಯ್ಯಿರಿ, ಮಾಸ್ಕ್ ಇರಲಿ, ಕನ್ನಡಕ ಇರಲಿ.

ಕೊಯ್ಯಬೇಕಾದ ತುಂಡುಗಳು, ಎಲ್ಲ ಮಿ.ಮೀ.ನಲ್ಲಿ:

- ಪಕ್ಕದ ಹಲಗೆ ಎರಡು, 600×450, ರಟ್ಟಿನ ಆಕಾರಕ್ಕೆ
- ತಳ ಒಂದು, 576×450
- ಕಂಟ್ರೋಲ್ ಪ್ಯಾನೆಲ್ ಒಂದು, 576×200
- ಮುಂದಿನ ಪಟ್ಟಿ ಒಂದು, 576×85
- ಪರದೆಯ ಹಲಗೆ ಒಂದು, 576×340
- ಸ್ಪೀಕರ್ ಪಟ್ಟಿ ಒಂದು, 576×80
- ಮೇಲ್ಮುಚ್ಚಳ, ಹಿಂಬಾಗಿಲು: ಇವನ್ನು ಈಗ ಕೊಯ್ಯಬೇಡಿ, ಪೆಟ್ಟಿಗೆ ನಿಂತ ಮೇಲೆ ಅಳೆದು ಕೊಯ್ಯಿರಿ

ನೇರ ಕೊಯ್ತ ಪ್ಲೈವುಡ್ ಅಂಗಡಿಯಲ್ಲೇ ಮಾಡಿಸಿ. ನಮ್ಮ ಬೀದಿಯ ಆಚಾರ್ರು ಮೇಜಿನ ಗರಗಸದಲ್ಲಿ ಹತ್ತು ನಿಮಿಷಕ್ಕೆ ಮುಗಿಸಿದ್ದನ್ನು ನಾನು ಜಿಗ್ ಸಾ ಹಿಡಿದು ಒಂದು ಭಾನುವಾರ ಪೂರ್ತಿ ಮಾಡಿ, ಅಂಕುಡೊಂಕು ಮಾಡಿಟ್ಟಿದ್ದೆ. “ಸ್ವಾಮೀ, ಮರಕ್ಕೆ ಆತುರ ತೋರಿಸಬಾರದು, ಗೆರೆ ಬಿಟ್ಟು ಕೊಯ್ದು ಆಮೇಲೆ ಉಜ್ಜಿ” ಅಂದರು. ಪಕ್ಕದ ಹಲಗೆಗಳಿಗೆ ಅವರು ಹೇಳಿದ್ದೇ ಸರಿಯಾದ ದಾರಿ. ಎರಡನ್ನೂ ಒಂದರ ಮೇಲೊಂದು ಇಟ್ಟು ಕ್ಲಾಂಪ್ ಹಾಕಿ, ಗೆರೆಯಿಂದ 2 ಮಿ.ಮೀ. ಹೊರಗೆ ಒಟ್ಟಿಗೆ ಕೊಯ್ದು, ಒಟ್ಟಿಗೇ ಸ್ಯಾಂಡ್ ಪೇಪರ್ ಉಜ್ಜಿ. ತಪ್ಪಾದರೂ ಎರಡರಲ್ಲೂ ಒಂದೇ ಥರ ತಪ್ಪಾಗುತ್ತೆ, ಪೆಟ್ಟಿಗೆ ಸೊಟ್ಟ ಆಗುವುದಿಲ್ಲ.

ಜೋಡಿಸುವುದಕ್ಕೆ ಮುಕ್ಕಾಲು ಇಂಚಿನ ರೀಪು ಬೇಕು. ಪಕ್ಕದ ಹಲಗೆಯ ಒಳಮೈಯಲ್ಲಿ, ಅಡ್ಡ ಹಲಗೆಗಳು ಬರುವ ಜಾಗದ ಹಿಂದೆ ರೀಪನ್ನು ಮರದ ಗೋಂದು ಮತ್ತು ಸ್ಕ್ರೂ ಹಾಕಿ ಹಿಡಿಸಿ. ಸ್ಕ್ರೂ ಒಳಗಿನಿಂದ ಹೊರಗೆ ಹೋಗಲಿ, ಆದರೆ ಹೊರಮೈಗೆ ತೂತು ಬೀಳಬಾರದು. 20 ಮಿ.ಮೀ. ರೀಪು, 12 ಮಿ.ಮೀ. ಪ್ಲೈ ಸೇರಿ 32, ಹಾಗಾಗಿ 25 ಮಿ.ಮೀ. ಸ್ಕ್ರೂ ಸಾಕು. ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಹಾಕಿಕೊಳ್ಳಿ, ಇಲ್ಲದಿದ್ದರೆ ರೀಪು ಸೀಳುತ್ತದೆ. ಕಂಟ್ರೋಲ್ ಪ್ಯಾನೆಲನ್ನು ಮಾತ್ರ ಅಂಟಿಸಬೇಡಿ. ಹಿಂದಿನ ಅಂಚಿಗೆ ಉದ್ದ ಪಿಯಾನೋ ಹಿಂಜ್ ಹಾಕಿ ಮೇಲೆತ್ತುವಂತೆ ಮಾಡಿ. ಆರು ತಿಂಗಳಿಗೆ ಒಂದು ಬಟನ್ ಕೆಟ್ಟಾಗ ನನಗೆ ಥ್ಯಾಂಕ್ಸ್ ಹೇಳುತ್ತೀರಿ.

ಮೇಲ್ಮೈಗೆ ಎರಡು ದಾರಿ. ಪೇಂಟ್ ಮಾಡುವುದಾದರೆ ಪುಟ್ಟಿ, ಪ್ರೈಮರ್, ಉಜ್ಜುವುದು, ಮತ್ತೆ ಪ್ರೈಮರ್, ಆಮೇಲೆ ಎನಾಮಲ್ ಎರಡು ಕೋಟ್. ಇಲ್ಲವೇ ಮೈಕಾ. ನನ್ನ ಓಟು ಮೈಕಾಗೆ, ಅದರಲ್ಲೂ ಪ್ಯಾನೆಲ್‌ಗೆ. ಬೆವರಿದ ಕೈ ಊರಿ ಊರಿ ಎನಾಮಲ್ ಪೇಂಟ್ ಒಂದು ವರ್ಷಕ್ಕೆ ಮಾಸುತ್ತೆ, ಮೈಕಾ ಒರೆಸಿದರೆ ಆಯಿತು. ಮೈಕಾ ಅಂಟಿಸಿ ಒಣಗಿದ ಮೇಲೆ ಬಟನ್ ತೂತು ಕೊರೆಯಿರಿ. ಕೆಳಗೆ ವೇಸ್ಟ್ ಹಲಗೆ ಇಟ್ಟು, ಮೈಕಾ ಕಡೆಯಿಂದ ಹೋಲ್ ಸಾ ನಿಧಾನವಾಗಿ ಬಿಡಿ. ಹಿಂದೆ ಹೋಲ್ ಸಾ ನಡುವಿನ ಪೈಲಟ್ ಬಿಟ್ ತುದಿ ಕಂಡ ಕೂಡಲೇ ತಿರುಗಿಸಿ ಆ ಕಡೆಯಿಂದ ಮುಗಿಸಿದರೆ ಅಂಚು ಸಿಬಿರು ಏಳುವುದಿಲ್ಲ. ಅಂಚುಗಳಿಗೆ ಬಾಗಿಲಿಗೆ ಹಾಕುವ ಪಿವಿಸಿ ಎಡ್ಜ್ ಬ್ಯಾಂಡ್ ಸಾಕು.

ವಯರಿಂಗ್

ನೋಡಿದರೆ ಹೆದರಿಕೆ ಆಗುತ್ತೆ, ಆದರೆ ಇದು ಕಾಲಿಂಗ್ ಬೆಲ್‌ನಷ್ಟೇ ಸುಲಭ. ಪ್ರತಿ ಬಟನ್ ಒಂದು ಸ್ವಿಚ್. ಒತ್ತಿದಾಗ ಎರಡು ತಂತಿ ಕೂಡುತ್ತವೆ, ಅದನ್ನು ಎನ್‌ಕೋಡರ್ ಬೋರ್ಡ್ ನೋಡಿ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ‘ಬಟನ್ 3 ಒತ್ತಿದ’ ಅಂತ ಹೇಳುತ್ತದೆ. ‘ಜೀರೋ ಡಿಲೇ’ ಹೆಸರಿನ ಅಗ್ಗದ ಬೋರ್ಡ್‌ಗಳು ಒಬ್ಬರಿಗೆ ಒಂದು ಬೇಕು. ಸೋಲ್ಡರಿಂಗ್ ಇಲ್ಲ, ತಂತಿಯ ಒಂದು ತುದಿಯ ಪ್ಲಗ್ ಬೋರ್ಡ್‌ಗೆ, ಇನ್ನೊಂದು ತುದಿಯ ಕ್ಲಿಪ್ ಬಟನ್‌ಗೆ. ಕ್ಲಿಪ್‌ನಲ್ಲಿ 2.8 ಮತ್ತು 4.8 ಮಿ.ಮೀ. ಅಂತ ಎರಡು ಅಳತೆ ಇವೆ, ಬಟನ್‌ಗೆ ಹೊಂದುವುದನ್ನೇ ತರಿಸಿ.

ಬಟನ್‌ನ ಕೆಳಗಿನ ಮೈಕ್ರೋಸ್ವಿಚ್‌ನಲ್ಲಿ ಮೂರು ಕಾಲು ಕಂಡರೆ ಕಾಮನ್ ಮತ್ತು ‘ನಾರ್ಮಲಿ ಓಪನ್’ ಎರಡನ್ನು ಮಾತ್ರ ಬಳಸಿ. ಗೊತ್ತಾಗದಿದ್ದರೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನೋಡಿ. ಒತ್ತಿದಾಗ ಮಾತ್ರ ಬೀಪ್ ಬರುವ ಜೋಡಿಯೇ ಸರಿ.

ಸ್ಟಿಕ್‌ನಲ್ಲಿ ಎಲ್ಲರೂ ಒಂದು ಸಲ ಮೋಸ ಹೋಗುತ್ತಾರೆ. ಸ್ಟಿಕ್ ಮೇಲಕ್ಕೆ ತಳ್ಳಿದರೆ ಅದರ ಬುಡ ಕೆಳಕ್ಕೆ ಹೋಗುತ್ತದೆ, ಹಾಗಾಗಿ ಒತ್ತುವುದು ಕೆಳಗಿನ ಸ್ವಿಚ್. ಎಡಕ್ಕೆ ತಳ್ಳಿದರೆ ಬಲಗಡೆಯ ಸ್ವಿಚ್. ಪ್ಯಾನೆಲ್ ತಿರುಗಿಸಿ ಹಿಂದಿನಿಂದ ನೋಡುವಾಗ ಎಡಬಲವೂ ಅದಲು ಬದಲು, ತಲೆ ಪೂರ್ತಿ ಕೆಡುತ್ತೆ. ಯೋಚಿಸುತ್ತಾ ಕೂರಬೇಡಿ, ಸಿಕ್ಕಂತೆ ಹಾಕಿ ಪರೀಕ್ಷೆ ಮಾಡಿ, ತಪ್ಪಿದ್ದನ್ನು ಬದಲಿಸಿ. ಪ್ರತಿ ತಂತಿಗೂ ಮಾಸ್ಕಿಂಗ್ ಟೇಪಿನ ಚೀಟಿ ಅಂಟಿಸಿ.

ಒಂದೇ ಥರದ ಎರಡು ಬೋರ್ಡ್ ಇದ್ದರೆ ಕಂಪ್ಯೂಟರ್‌ಗೆ ಎರಡಕ್ಕೂ ಒಂದೇ ಹೆಸರು. ಯಾವುದನ್ನು ಯಾವ ಯುಎಸ್‌ಬಿ ಕಿಂಡಿಗೆ ಹಾಕಿದ್ದೀರಿ ಅಂತ ಗುರುತು ಹಾಕಿ, ಮತ್ತೆ ಬದಲಿಸಬೇಡಿ. ಇಲ್ಲದಿದ್ದರೆ ಒಂದು ದಿನ ನೀವು ಆಡಿದ್ದು ಪಕ್ಕದವರ ಆಳಿಗೆ ಹೋಗುತ್ತದೆ.

ಕರೆಂಟು

ಪೆಟ್ಟಿಗೆಯೊಳಗೆ ಒಂದು ಒಳ್ಳೆ ಸ್ಪೈಕ್ ಬಸ್ಟರ್ ಸ್ಕ್ರೂ ಮಾಡಿ. ಮಾನಿಟರ್, ಕಂಪ್ಯೂಟರಿನ ಅಡಾಪ್ಟರ್, ಸ್ಪೀಕರ್‌ನ ಅಡಾಪ್ಟರ್, ಎಲ್‌ಇಡಿ ಪಟ್ಟಿಯ 12 ವೋಲ್ಟ್ ಅಡಾಪ್ಟರ್ ಎಲ್ಲ ಅದಕ್ಕೇ. ಹೊರಗೆ ಹೋಗುವುದು ಒಂದೇ ವಯರ್, ಮೂರು ಪಿನ್, ಅರ್ತಿಂಗ್ ಇರಲೇಬೇಕು. 230 ವೋಲ್ಟ್‌ನ ತಂತಿ ಕತ್ತರಿಸಿ ಸೇರಿಸುವ ಕೆಲಸ ನಿಮಗೆ ಬಾರದಿದ್ದರೆ ಮಾಡಬೇಡಿ, ಈ ಪೆಟ್ಟಿಗೆಗೆ ಅದು ಬೇಕಾಗಿಯೂ ಇಲ್ಲ. ತಳದಲ್ಲಿ ಒಂದಷ್ಟು, ಹಿಂಬಾಗಿಲಿನ ಮೇಲ್ಭಾಗದಲ್ಲಿ ಒಂದಷ್ಟು ತೂತು ಕೊರೆದರೆ ಬಿಸಿಗಾಳಿ ತಾನಾಗಿ ಮೇಲಿಂದ ಹೊರಗೆ ಹೋಗುತ್ತೆ. ತಳಕ್ಕೆ ರಬ್ಬರ್ ಕಾಲು ಇಲ್ಲದಿದ್ದರೆ ಕೆಳಗಿನ ತೂತು ಮುಚ್ಚಿಹೋಗುತ್ತದೆ, ಮರೀಬೇಡಿ.

ಸದ್ದಿಗೆ ಪಿಎಎಂ 8403 ಅನ್ನುವ 5 ವೋಲ್ಟ್‌ನ ಪುಟ್ಟ ಆಂಪ್ಲಿಫೈಯರ್ ಬೋರ್ಡ್, 3 ವಾಟ್‌ನ ಎರಡು ಸ್ಪೀಕರ್ ಸಾಕು. ಅದಕ್ಕೆ ಕಂಪ್ಯೂಟರಿನದೇ ಕರೆಂಟ್ ಕೊಟ್ಟರೆ ‘ಗುಂಯ್’ ಅಂತ ಸದ್ದು ಸೇರಿಕೊಳ್ಳಬಹುದು, ಬೇರೆ ಅಡಾಪ್ಟರ್ ಅಂದದ್ದು ಅದಕ್ಕೇ.

ಕಂಪ್ಯೂಟರ್ ಮತ್ತು ಆಟ

ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರ್ರಿ ಪೈ 4 ಧಾರಾಳವಾಗಿ ಸಾಕು, ಅದಕ್ಕೆ 5 ವೋಲ್ಟ್ 3 ಆಂಪಿಯರ್‌ನ ಅಡಾಪ್ಟರ್ ಬೇಕು. ಹಳೆ ಮೊಬೈಲ್ ಚಾರ್ಜರ್ ಹಾಕಿದರೆ ಆಟದ ನಡುವೆ ರೀಸ್ಟಾರ್ಟ್ ಆಗುತ್ತೆ. ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದ್ದರೆ ಅದೂ ನಡೆಯುತ್ತೆ, ಪರದೆ ಒಡೆದಿದ್ದರೂ ಪರವಾಗಿಲ್ಲ. ಹಳೆ ಆಟ ಓಡಿಸುವ ತಂತ್ರಾಂಶಗಳಾದ ಬಟೋಸೆರಾ ಅಥವಾ ರೆಟ್ರೋಪೈ, ಯಾವುದಾದರೂ ಒಂದನ್ನು ಇಳಿಸಿಕೊಂಡು ಮೆಮೊರಿ ಕಾರ್ಡ್‌ಗೆ ಬರೆಯಿರಿ. ಮೊದಲ ಸಲ ಆನ್ ಮಾಡುವಾಗ ಕೀಬೋರ್ಡ್ ಹತ್ತಿರ ಇರಲಿ. ಒಂದೊಂದೇ ಬಟನ್ ಒತ್ತು ಅಂತ ಅದೇ ಕೇಳುತ್ತೆ, ಒತ್ತುತ್ತಾ ಹೋಗಿ. ಮುಗಿಸುವಾಗ ಮೆನುವಿನಿಂದಲೇ ಆಫ್ ಮಾಡುವುದು ಅಭ್ಯಾಸ ಮಾಡಿಕೊಳ್ಳಿ. ನೇರವಾಗಿ ಸ್ವಿಚ್ ತೆಗೆದರೆ ಒಂದಲ್ಲ ಒಂದು ದಿನ ಕಾರ್ಡ್ ಕೆಡುತ್ತೆ.

ಹಳೆ ಆರ್ಕೇಡ್ ಯಂತ್ರಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಮೇಮ್ ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದರು. ತಂತ್ರಾಂಶ ಉಚಿತ, ಆದರೆ ಆಟಗಳ ಹಕ್ಕು ಕಂಪನಿಗಳದ್ದು. ಗ್ರಿಡ್‌ಲೀ, ರಾಬಿ ರೋಟೋದಂಥ ಕೆಲವು ಆಟಗಳನ್ನು ಹಕ್ಕುದಾರರೇ ಮನೆ ಬಳಕೆಗೆ ಬಿಟ್ಟಿದ್ದಾರೆ, ಮೇಮ್‌ನ ತಾಣದಲ್ಲೇ ಸಿಗುತ್ತವೆ. ಕ್ಯಾಪ್‌ಕಾಮ್ ಹಳೆ ಆಟಗಳನ್ನು ಸೇರಿಸಿ ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ ಅಂತ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾರುತ್ತದೆ. ಅದು ಬೇಕಾದರೆ ಪೈ ಬದಲು ವಿಂಡೋಸ್ ಕಂಪ್ಯೂಟರ್ ಇಡಿ. ಪೆಟ್ಟಿಗೆಗೆ ಎರಡೂ ಒಂದೇ.

ಬೋರ್ಡು, ಕಾಯಿನ್

ಮೇಲೆ ಹೊಳೆಯುವ ಬೋರ್ಡಿಗೆ 3 ಮಿ.ಮೀ. ಹಾಲುಬಿಳಿ ಅಕ್ರಿಲಿಕ್ ಮತ್ತು ಹಿಂದೆ ಎಲ್‌ಇಡಿ ಪಟ್ಟಿ. ಚಿತ್ರವನ್ನು ಫ್ಲೆಕ್ಸ್ ಅಂಗಡಿಯಲ್ಲಿ ಬೆಳಕು ಹಾಯುವ ಶೀಟಿನ ಮೇಲೆ ಪ್ರಿಂಟ್ ಹಾಕಿಸಿ. ನನ್ನದಕ್ಕೆ ಹಳೆ ಸಿನಿಮಾ ಪೋಸ್ಟರ್ ಥರದ ದಪ್ಪ ಕನ್ನಡ ಅಕ್ಷರದಲ್ಲಿ ‘ಮುಸ್ತಫಾ ವಿಡಿಯೋ ಗೇಮ್ಸ್’ ಅಂತ ಬರೆಸಿದ್ದೇನೆ. ಅಕ್ರಿಲಿಕ್ ಬದಲು ಪಾರದರ್ಶಕ ಗಾಜು ಹಾಕಿದರೆ ಎಲ್‌ಇಡಿ ಚುಕ್ಕಿಗಳು ಒಂದೊಂದಾಗಿ ಕಾಣುತ್ತವೆ.

ಕಾಯಿನ್ ಹಾಕಿಯೇ ಆಡಬೇಕು ಅನ್ನುವವರಿಗೆ ಸಿಎಚ್ 926 ಅನ್ನುವ 12 ವೋಲ್ಟ್‌ನ ಕಾಯಿನ್ ಯಂತ್ರ ಸಿಗುತ್ತೆ. ಕಾಯಿನ್ ಬಿದ್ದಾಗ ಸಂಕೇತ ಕೊಡುವ ಅದರ ಪಲ್ಸ್ ತಂತಿಯನ್ನು ಎನ್‌ಕೋಡರ್‌ನ ಕಾಯಿನ್ ಬಟನ್ ಜಾಗಕ್ಕೆ ಕೊಡುವುದು, ಗ್ರೌಂಡ್ ಎರಡಕ್ಕೂ ಒಂದೇ ಮಾಡುವುದು. ಯಂತ್ರಕ್ಕೆ ಮೊದಲು ನಾಣ್ಯದ ಗುರುತು ಕಲಿಸಬೇಕು, ಒಂದೇ ಬಗೆಯ ನಾಣ್ಯಗಳನ್ನು ಹತ್ತಿಪ್ಪತ್ತು ಸಲ ಹಾಕಿ. ನಮ್ಮ ಒಂದು ರೂಪಾಯಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗಾತ್ರದಲ್ಲಿ ಬಂದಿದೆ. ದೊಡ್ಡದು, ಚಿಕ್ಕದು ಎರಡನ್ನೂ ಬೇರೆ ಬೇರೆ ನಾಣ್ಯ ಅಂತಲೇ ಕಲಿಸಿ, ಇಲ್ಲದಿದ್ದರೆ ಒಂದನ್ನು ನುಂಗಿ ಇನ್ನೊಂದನ್ನು ಉಗುಳುತ್ತದೆ. ಕಾಯಿನ್ ಬೀಳುವ ಡಬ್ಬಕ್ಕೆ ನಾನು ಹಳೆ ಬೂಸ್ಟ್ ಡಬ್ಬ ಇಟ್ಟಿದ್ದೇನೆ. ಟಣ್ ಅಂತ ಸದ್ದು ಬರಬೇಕಲ್ಲ, ಅದಕ್ಕೆ ಒಳಗೆ ತಗಡಿನ ಮುಚ್ಚಳ ಹಾಕಿದ್ದೇನೆ. ಹಿಂಬಾಗಿಲಿಗೆ ಬೀಗ ಹಾಕಿಲ್ಲ. ಮಗಳಿಗೆ ಅದು ಗೊತ್ತಾಗಿ ಎರಡು ವಾರ ಆಯಿತು, ಅವಳು ಒಂದೇ ರೂಪಾಯಿಯಲ್ಲಿ ದಿನವೆಲ್ಲ ಆಡುತ್ತಿದ್ದಾಳೆ.